ಇಲ್ಲದ ವಾಯುನೆಲೆಯ ದಾಖಲೆಗಳು

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ, ಎಂ.ಐ.ಟಿ. ವಿದ್ಯಾಸಂಸ್ಥೆಗೆ ಸೇರಿದ ಲಿಂಕನ್ ಪ್ರಯೋಗಶಾಲೆಯ ಒಳಗೆ, 1998ನೆಯ ಇಸವಿಯಲ್ಲಿ ಒಂದು ವಾಯುಪಡೆಯ ನೆಲೆ ತಲೆಯೆತ್ತಿತು. ಆ ನೆಲೆಯಲ್ಲಿ ವಿಮಾನಗಳಿರಲಿಲ್ಲ, ವಿಮಾನ ಇಳಿಯುವ ಹಾದಿಯಿರಲಿಲ್ಲ, ಸಮವಸ್ತ್ರ ತೊಟ್ಟ ಒಬ್ಬ ಸಿಪಾಯಿಯೂ ಇರಲಿಲ್ಲ. ಇದ್ದವು ಕೆಲವೇ ಕಂಪ್ಯೂಟರುಗಳು, ಅವುಗಳ ನಡುವೆ ಹಾಸಿದ ತಂತಿಗಳು, ಮತ್ತು ನೂರಾರು ಮಂದಿ ನೌಕರರ ಪಾತ್ರವನ್ನು ತಾವೇ ವಹಿಸಿ ಒಬ್ಬರಿಗೊಬ್ಬರು ಇ-ಮೇಲ್ ಬರೆಯುತ್ತ, ದೂರದ ಯಂತ್ರಗಳಿಗೆ ಲಾಗಿನ್ ಆಗುತ್ತ, ವೆಬ್ ಪುಟಗಳನ್ನು ತೆರೆದು ಮುಚ್ಚುತ್ತಿದ್ದ ಪ್ರೋಗ್ರಾಮುಗಳು. ಮರುವರ್ಷ ಅದನ್ನೇ ವಿಸ್ತರಿಸಿ ಕಟ್ಟಿದಾಗ, ದಾಳಿಗೆ ಗುರಿಯಾಗಬೇಕಾದ ಯಂತ್ರಗಳಿಗೆ ಪಾಸ್ಕಲ್, ಹ್ಯೂಮ್, ಮಾರ್ಕ್ಸ್, ಝೀನೋ ಎಂದು ತತ್ತ್ವಜ್ಞಾನಿಗಳ ಹೆಸರುಗಳನ್ನಿಟ್ಟರು. ನೆಲವೇ ಇಲ್ಲದ ಆ ನೆಲೆಗೆ ಹದ್ದಿನ ಗೂಡು ಎಂದು ಅರ್ಥ ಬರುವ ಹೆಸರನ್ನು ಕೊಟ್ಟರು. ಮನೆಯ ಯಜಮಾನರೂ ತಾವೇ, ಕನ್ನ ಕೊರೆಯುವ ಕಳ್ಳರೂ ತಾವೇ, ಕಾವಲುಗಾರನನ್ನು ಪರೀಕ್ಷಿಸುವ ಅಧಿಕಾರಿಗಳೂ ತಾವೇ ಆಗಿ ಆ ಸಂಶೋಧಕರು ಮೊದಲ ವರ್ಷದಲ್ಲಿ 38 ಬಗೆಯ ದಾಳಿಗಳನ್ನು 300ಕ್ಕೂ ಮಿಕ್ಕಿ ಸಲ ನಡೆಸಿ, ತಂತಿಯ ಮೇಲೆ ಹರಿದ ಪ್ಯಾಕೆಟ್ಟುಗಳನ್ನೆಲ್ಲ ಬರೆದಿಟ್ಟುಕೊಂಡು, ಏಳು ವಾರಗಳ ದಾಖಲೆಯನ್ನು ಅಭ್ಯಾಸಕ್ಕೆಂದೂ ಎರಡು ವಾರಗಳ ದಾಖಲೆಯನ್ನು ಪರೀಕ್ಷೆಗೆಂದೂ ವಿಂಗಡಿಸಿ ವಿದ್ವಲ್ಲೋಕದ ಮುಂದಿರಿಸಿದರು.

ಇಂತಹ ವಿಚಿತ್ರ ಪರಿಶ್ರಮಕ್ಕೆ ಕಾರಣವು ಸರಳವಾದುದು. ಕಂಪ್ಯೂಟರ್ ಜಾಲದೊಳಕ್ಕೆ ನುಗ್ಗುವವರನ್ನು ತಾನಾಗಿಯೇ ಗುರುತಿಸಬಲ್ಲ ಸಾಧನಗಳನ್ನು ನಿರ್ಮಿಸಿರೆಂದು ಡಾರ್ಪಾ ಎಂಬ ಅಲ್ಲಿಯ ರಕ್ಷಣಾ ಸಂಶೋಧನ ಸಂಸ್ಥೆಯು ಅನೇಕ ವಿದ್ವಾಂಸರಿಗೆ ಧನಸಹಾಯ ಮಾಡಿದ್ದಿತು; ಆದರೆ ಯಾರ ಸಾಧನ ಉತ್ತಮ ಎಂದು ನಿರ್ಣಯಿಸಲು ಎಲ್ಲರ ಚಿನ್ನವನ್ನೂ ಉಜ್ಜಿ ನೋಡಬಹುದಾದ ಒಂದು ಒರೆಗಲ್ಲು ಇರಲಿಲ್ಲ. ನಿಜವಾದ ವಾಯುನೆಲೆಯೊಂದರ ದಾಖಲೆಯನ್ನೇ ಕೊಟ್ಟುಬಿಡೋಣವೆಂದರೆ, ಅದರಲ್ಲಿ ಅಲ್ಲಿಯ ನೌಕರರ ಪತ್ರಗಳಿರುತ್ತವೆ, ಗುಪ್ತಪದಗಳಿರುತ್ತವೆ, ಸೇನೆಯ ರಹಸ್ಯಗಳಿರುತ್ತವೆ. ಆದುದರಿಂದ ನಿಜವಾದ ನೆಲೆಯಿಂದ ಅಂಕಿಸಂಖ್ಯೆಗಳ ಹೊರಮೈಯನ್ನು ಮಾತ್ರ ತೆಗೆದುಕೊಂಡು, ಅದರ ಅಚ್ಚಿನಲ್ಲಿ ಒಂದು ಪ್ರತಿಮೆಯನ್ನು ಎರಕ ಹೊಯ್ಯಬೇಕಾಯಿತು. ಸೈಬರ್ ಭದ್ರತೆಯ ಸಂಶೋಧಕರು ತಮ್ಮ ತಮ್ಮೊಳಗೆ ದತ್ತಾಂಶವನ್ನು ಹಂಚಿಕೊಂಡ ಇತಿಹಾಸವೆಲ್ಲವೂ ಈ ಒಂದು ಇಕ್ಕಟ್ಟಿನ ಸುತ್ತಲೇ ಬೆಳೆದದ್ದೆಂದು ನನಗೆ ತೋರುತ್ತದೆ. ಖಗೋಳಶಾಸ್ತ್ರಜ್ಞನು ನಕ್ಷತ್ರದ ಅಪ್ಪಣೆಯನ್ನು ಕೇಳಬೇಕಾಗಿಲ್ಲ. ಸಸ್ಯಶಾಸ್ತ್ರಜ್ಞನು ಎಲೆಯನ್ನು ಒಣಗಿಸಿ ಹಾಳೆಗಂಟಿಸಿ ಸಾಗರದಾಚೆಯ ಮಿತ್ರನಿಗೆ ಕಳಿಸಿದರೆ ಗಿಡದ ಮಾನಕ್ಕೆ ಕುಂದಿಲ್ಲ. ಈ ಶಾಸ್ತ್ರದವನ ಕೈಯಲ್ಲಿರುವ ಪ್ರತಿಯೊಂದು ದಾಖಲೆಯಾದರೋ ಬೇರೊಬ್ಬರ ಮನೆಯ ಒಳಮಾತು.

ಈ ಶಾಸ್ತ್ರದ ಮೊದಲ ದಾಖಲೆಗಳಲ್ಲಿ ಒಂದು ಕಾಗದದ ಸುರುಳಿಯ ಮೇಲೆ ಮುದ್ರಿತವಾಯಿತು. 1986ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ಗುಡ್ಡದ ಮೇಲಿರುವ ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬರಲು, ಮೂಲತಃ ಖಗೋಳಶಾಸ್ತ್ರಜ್ಞನಾಗಿದ್ದ ಕ್ಲಿಫರ್ಡ್ ಸ್ಟಾಲ್ ಅದರ ಬೆನ್ನು ಹತ್ತಿದನು. ಹೊರಗಿನಿಂದ ಯಾರೋ ಒಳನುಗ್ಗುತ್ತಿರುವರೆಂಬ ಸಂದೇಹ ಬಲವಾದಾಗ, ಸಹೋದ್ಯೋಗಿಗಳ ಮೇಜಿನ ಮೇಲಿದ್ದ ಪ್ರಿಂಟರುಗಳನ್ನೂ ಟರ್ಮಿನಲ್ಲುಗಳನ್ನೂ ವಾರದ ಕೊನೆಯ ರಜೆಯಲ್ಲಿ ಎತ್ತಿ ತಂದು, ಹೊರಗಿನಿಂದ ಬರುವ 50 ದೂರವಾಣಿ ತಂತಿಗಳಿಗೂ ಜೋಡಿಸಿ, ಆ ಅಜ್ಞಾತನು ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಬೀಳುವಂತೆ ಮಾಡಿದನು. ತಿಂಗಳುಗಟ್ಟಲೆ ನಡೆದ ಆ ಕಾವಲಿನ ಫಲವಾಗಿ ನುಗ್ಗಿದವನು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಪತ್ತೆಯಾದನು. 1988ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಲೇಖನವಾಗಿಯೂ ಮರುವರ್ಷ ಪುಸ್ತಕವಾಗಿಯೂ ಸ್ಟಾಲನು ಈ ವೃತ್ತಾಂತವನ್ನು ಪ್ರಕಟಿಸಿದನು. ಅಂದಿನ ದಿನಗಳಲ್ಲಿ ಇಂತಹ ಅನುಭವವನ್ನು ಕಂಡವರು ಬಾಯಿ ಮುಚ್ಚಿಕೊಂಡಿರುವುದೇ ವಾಡಿಕೆಯಾಗಿದ್ದಿತೆಂಬುದನ್ನು ನೆನೆದರೆ, ಅವನು ಬಾಯಿ ಬಿಟ್ಟು ಹೇಳಿದ್ದೇ ಒಂದು ದಾನ. ಆದರೆ ಅವನು ಹಂಚಿದ್ದು ಕಥೆಯನ್ನು. ಆ ಕಾಗದದ ಸುರುಳಿಗಳನ್ನಲ್ಲ. ಕಥೆಯನ್ನು ಕೇಳಿದವನು ತಿಳಿವಳಿಕೆ ಪಡೆಯಬಲ್ಲನೇ ಹೊರತು, ತನ್ನ ಸಾಧನವನ್ನು ಅದರ ಮೇಲೆ ಪ್ರಯೋಗಿಸಿ ನೋಡಲಾರನು.

ಆ ಗುಡ್ಡದ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥೆಯು ಮತ್ತೆ ಮತ್ತೆ ಅಲ್ಲಿಗೇ ಮರಳುತ್ತದೆ. ತಂತಿಯ ಮೇಲೆ ಹರಿಯುವುದನ್ನು ಹರಿದಂತೆಯೇ ಬರೆದಿಡುವ ಟಿಸಿಪಿಡಂಪ್ ಎಂಬ ಉಪಕರಣವನ್ನು 1988ರ ಸುಮಾರಿಗೆ ವ್ಯಾನ್ ಜೇಕಬ್‌ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಎಂಬವರು ರಚಿಸಿದ್ದು ಅಲ್ಲಿಯೇ. ಎಲ್ಲರೂ ಒಂದೇ ಲಿಪಿಯಲ್ಲಿ ಬರೆಯತೊಡಗಿದ ಮೇಲಷ್ಟೆ ಒಬ್ಬನು ಬರೆದದ್ದನ್ನು ಮತ್ತೊಬ್ಬನು ಓದುವುದು ಸಾಧ್ಯವಾಗುವುದು. ಆ ಉಪಕರಣವೂ ಅದರೊಡನೆ ಬಳಕೆಗೆ ಬಂದ ಕಡತದ ಮಾದರಿಯೂ ಜಾಲಶಾಸ್ತ್ರಕ್ಕೆ ಅಂತಹ ಲಿಪಿಯನ್ನು ಒದಗಿಸಿದುವು.

ಹಂಚಿಕೆಯಿಂದ ಎಷ್ಟು ದೊಡ್ಡ ಫಲ ದೊರೆಯಬಹುದೆಂಬುದನ್ನು ತೋರಿಸಿದ್ದು ನ್ಯೂಜೆರ್ಸಿಯ ಮಾರಿಸ್‌ಟೌನ್ ಎಂಬಲ್ಲಿದ್ದ ಬೆಲ್‌ಕೋರ್ ಸಂಶೋಧನಾಲಯದ ಒಂದು ದಾಖಲೆ. 1989ರ ಆಗಸ್ಟ್ 29ರಂದು ಬೆಳಗ್ಗೆ 11 ಗಂಟೆ 25 ನಿಮಿಷಕ್ಕೆ ಆರಂಭವಾಗಿ, ಹತ್ತು ಲಕ್ಷ ಪ್ಯಾಕೆಟ್ಟುಗಳು ತುಂಬುವವರೆಗೆ, ಎಂದರೆ ಸುಮಾರು 52 ನಿಮಿಷಗಳ ಕಾಲ, ನಡೆದ ಆ ದಾಖಲೆಯ ಹಂಚಿದ ಪ್ರತಿಯಲ್ಲಿ ಇರುವುದು ಎರಡೇ ಸಾಲುಗಂಬಗಳು: ಪ್ಯಾಕೆಟ್ಟು ಬಂದ ಹೊತ್ತು, ಅದರ ಗಾತ್ರ. ಯಾರು ಯಾರಿಗೆ ಬರೆದರು, ಏನು ಬರೆದರು ಎಂಬುದಾವುದೂ ಅದರಲ್ಲಿಲ್ಲ. ಇಂತಹ ದಾಖಲೆಗಳಿಂದಲೇ ಲೆಲ್ಯಾಂಡ್, ಟಕ್ಕೂ, ವಿಲಿಂಜರ್, ವಿಲ್ಸನ್ ಎಂಬ ನಾಲ್ವರು, ಜಾಲದ ಸಂಚಾರವು ದೂರವಾಣಿಯ ಕರೆಗಳಂತೆ ಸರಾಸರಿಗೆ ಇಳಿದು ಸಮವಾಗುವುದಿಲ್ಲ, ಕ್ಷಣವನ್ನು ನೋಡಿದರೂ ಗಂಟೆಯನ್ನು ನೋಡಿದರೂ ಅದರ ಏರಿಳಿತಗಳು ಒಂದೇ ಆಕಾರದವು ಎಂಬ ಸತ್ಯವನ್ನು 1993ರಲ್ಲಿ ಸ್ಥಾಪಿಸಿದರು. ಆ ಎರಡು ಸಾಲುಗಂಬಗಳನ್ನು ಬರ್ಕ್ಲಿ ಗುಡ್ಡದಲ್ಲಿ ನೆಲೆಗೊಂಡ ಸಾರ್ವಜನಿಕ ಸಂಗ್ರಹವೊಂದರಲ್ಲಿ ಇರಿಸಿದುದರಿಂದ, ಒಪ್ಪದವರು ತಾವೇ ಎಣಿಸಿ ನೋಡಿ ಒಪ್ಪುವಂತಾಯಿತು. ವಾದಕ್ಕೆ ಬದಲಾಗಿ ಕಡತವನ್ನೇ ಕೈಗಿಡುವ ಈ ಸೌಜನ್ಯಕ್ಕಿಂತ ಮಿಗಿಲಾದ ವಿದ್ಯಾವಿನಯವನ್ನು ನಾನರಿಯೆ.

ಆದರೆ ಹೊತ್ತು ಮತ್ತು ಗಾತ್ರ ಜಾಲದ ಶಿಲ್ಪಿಗೆ ಸಾಕಾದರೂ ಕಳ್ಳನನ್ನು ಹುಡುಕುವವನಿಗೆ ಸಾಲವು. ಅವನಿಗೆ ಬಾಗಿಲಿನ ಬೀಗವೂ ಬೇಕು, ಕನ್ನಗತ್ತಿಯೂ ಬೇಕು. ಈ ಕನ್ನಗತ್ತಿಗಳನ್ನು, ಎಂದರೆ ವೈರಸ್ಸುಗಳನ್ನು, ಸಂಗ್ರಹಿಸಿ ಪರಸ್ಪರ ಕೊಟ್ಟುಕೊಳ್ಳುತ್ತಿದ್ದವರ ಪದ್ಧತಿಯೇ ಬೇರೆಯಾಗಿದ್ದಿತು. ವೈರಸ್ಸಿನ ಮಾದರಿಯೆಂದರೆ ಅದರ ಚಿತ್ರವಲ್ಲ, ಸಾಕ್ಷಾತ್ ವೈರಸ್ಸೇ. ತಪ್ಪಿದ ಕೈಗೆ ಸೇರಿದರೆ ಅದು ಮತ್ತೆ ಊರ ಮೇಲೆ ಬೀಳುವುದು. ಆದುದರಿಂದ 1990ರ ಹೊತ್ತಿಗೆ ಯೂರೋಪಿನಲ್ಲಿ ಕೇರೋ ಎಂಬ ಹೆಸರಿನಿಂದ ಕೂಡಿಕೊಂಡ ತಜ್ಞರ ಚಿಕ್ಕ ಗುಂಪಿನಲ್ಲಿ, ಮುಖಪರಿಚಯವೂ ನಡತೆಯ ಭರವಸೆಯೂ ಇಲ್ಲದವರಿಗೆ ಪ್ರವೇಶವಿರಲಿಲ್ಲ. ಕೊಡುವವನು ಪಡೆಯುವವನನ್ನು ಬಲ್ಲವನಾಗಿರಬೇಕು ಎಂಬುದೇ ಕಟ್ಟಳೆ. ಮಾದರಿಗಳನ್ನು ಜಿಪ್ ಕಡತದಲ್ಲಿ ಕಟ್ಟಿ, ಅದಕ್ಕೆ ‘ಇನ್‌ಫೆಕ್ಟೆಡ್’ ಎಂಬ ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಾಕುವ ರೂಢಿ ಈ ವೃತ್ತಿಯಲ್ಲಿ ನೆಲೆಗೊಂಡು ಇಂದಿಗೂ ಉಳಿದಿದೆ. ಎಲ್ಲರೂ ಬಲ್ಲ ಪಾಸ್‌ವರ್ಡಿನಿಂದ ಪ್ರಯೋಜನವೇನೆಂದು ಹೊರಗಿನವರು ಕೇಳಬಹುದು; ಅದು ಕಳ್ಳನಿಗೆ ಹಾಕಿದ ಬೀಗವಲ್ಲ, ನಡುದಾರಿಯಲ್ಲಿ ಯಂತ್ರವೊಂದು ಕಡತವನ್ನು ತೆರೆದು ಅಳಿಸದಂತೆಯೂ, ಅವಸರದ ಬೆರಳು ಅರಿಯದೆ ಅದನ್ನು ಓಡಿಸದಂತೆಯೂ ಕಟ್ಟಿದ ದಾರ. ವಿಷದ ಸೀಸೆಯ ಮೇಲಿನ ಕೆಂಪು ಚೀಟಿಗೂ ಅದಕ್ಕೂ ಭೇದವಿಲ್ಲ.

ಇನ್ನು ಕೆಲವರು ತಮ್ಮ ಮನೆಯನ್ನೇ ಮಿತವಾಗಿ ತೆರೆದು ತೋರಿಸಿದರು. ನ್ಯೂಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ ಸ್ಟೆಫಾನಿ ಫಾರೆಸ್ಟ್ ಮತ್ತು ಸಂಗಡಿಗರು 1996ರಲ್ಲಿ, ದೇಹವು ರೋಗಾಣುವನ್ನು ಪರಕೀಯವೆಂದು ಅರಿಯುವಂತೆ ಯಂತ್ರವೂ ಅರಿಯಲು ಸಾಧ್ಯವೇ ಎಂದು ನೋಡಹೊರಟು, ಪ್ರೋಗ್ರಾಮುಗಳು ಆಪರೇಟಿಂಗ್ ಸಿಸ್ಟಮ್ಮಿಗೆ ಮಾಡುವ ಕೋರಿಕೆಗಳ ಸರಣಿಗಳನ್ನು ಬರೆದಿಟ್ಟು ಹಂಚಿದರು. ಮತ್ಥಿಯಾಸ್ ಶಾನ್‌ಲೌ ಮತ್ತು ಸಂಗಡಿಗರು 70 ಮಂದಿ ಬಳಕೆದಾರರು ಟೈಪು ಮಾಡಿದ ತಲಾ 15,000 ಆಜ್ಞೆಗಳನ್ನು, ಆಜ್ಞೆಯ ಹೆಸರನ್ನು ಮಾತ್ರ ಉಳಿಸಿ ಮಿಕ್ಕುದನ್ನು ಕತ್ತರಿಸಿ ಕೊಟ್ಟರು. ಇವೆಲ್ಲ ಒಳ್ಳೆಯ ಕೊಡುಗೆಗಳೇ. ಆದರೆ ಜಗತ್ತು ಕೈಚಾಚಿದ್ದು ಆ ಇಲ್ಲದ ವಾಯುನೆಲೆಯ ಕಡೆಗೆ.

ಅದಕ್ಕೆ ರೆಕ್ಕೆ ಬಂದದ್ದು 1999ರಲ್ಲಿ. ಆ ವರ್ಷದ ಕೆ.ಡಿ.ಡಿ. ಎಂಬ ವಿದ್ವತ್ಸಮ್ಮೇಳನದ ಸ್ಪರ್ಧೆಗಾಗಿ ಸಾಲ್ವಟೋರ್ ಸ್ಟಾಲ್ಫೊ ಮತ್ತು ಅವರ ಶಿಷ್ಯ ವೆಂಕೆ ಲೀ, ಲಿಂಕನ್ ಪ್ರಯೋಗಶಾಲೆಯ 1998ರ ದಾಖಲೆಯನ್ನು ಅರೆದು ಸೋಸಿ, ಒಂದೊಂದು ಸಂಪರ್ಕಕ್ಕೂ 41 ಲಕ್ಷಣಗಳನ್ನು ಲೆಕ್ಕ ಹಾಕಿ, ಸುಮಾರು 49 ಲಕ್ಷ ಸಾಲುಗಳ ಒಂದು ಕೋಷ್ಟಕವನ್ನು ಸಿದ್ಧಪಡಿಸಿದರು; ಪ್ರತಿಯೊಂದು ಸಾಲಿನ ಕೊನೆಗೆ ಇದು ಸಹಜ, ಇದು ಇಂತಹ ದಾಳಿ ಎಂಬ ಹಣೆಪಟ್ಟಿ. ಮೂಲ ದಾಖಲೆಯನ್ನು ಬಿಡಿಸಿ ನೋಡಲು ಜಾಲಶಾಸ್ತ್ರದ ಜ್ಞಾನ ಬೇಕಾಗಿದ್ದಿತು. ಈ ಕೋಷ್ಟಕವನ್ನು ಬಳಸಲು ಅದಾವುದೂ ಬೇಕಾಗಿರಲಿಲ್ಲ. ಹೀಗಾಗಿ ಪ್ಯಾಕೆಟ್ಟೊಂದನ್ನು ಕಣ್ಣಾರೆ ಕಾಣದವರೂ ಈ ಶಾಸ್ತ್ರದಲ್ಲಿ ಪ್ರಬಂಧ ಬರೆಯುವಂತಾಯಿತು. ಇದನ್ನು ನಾನು ದೂರಿ ಹೇಳುತ್ತಿಲ್ಲ: ದೊಡ್ಡ ಪ್ರಯೋಗಶಾಲೆಗಳೂ ಸೇನೆಯ ಸಖ್ಯವೂ ಇಲ್ಲದ ದೇಶಗಳ ವಿದ್ಯಾರ್ಥಿಗಳಿಗೆ, ನಮ್ಮ ನಾಡಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೂ ಸಹ, ಈ ವಿದ್ಯೆಯ ಬಾಗಿಲನ್ನು ತೆರೆದದ್ದು ಆ ಕೋಷ್ಟಕವೇ. ಕಾಸು ಕೇಳದೆ, ಕುಲ ಕೇಳದೆ, ಬೇಡಿದವರಿಗೆಲ್ಲ ಅದು ದೊರೆಯಿತು.

ಆದರೆ ಬಾಗಿಲು ತೆರೆದುಕೊಂಡದ್ದು ಯಾವ ಮನೆಯೊಳಕ್ಕೆ? ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಜಾನ್ ಮೆಕ್‌ಹ್ಯೂ 2000ದಲ್ಲಿ ಪ್ರಕಟಿಸಿದ ವಿಸ್ತಾರವಾದ ವಿಮರ್ಶೆಯಲ್ಲಿ, ಈ ಕೃತಕ ಸಂಚಾರವು ನಿಜವಾದ ಸಂಚಾರವನ್ನು ಹೋಲುತ್ತದೆ ಎಂಬುದಕ್ಕೆ ಪ್ರಮಾಣವನ್ನೇ ಕೊಟ್ಟಿಲ್ಲವೆಂದು ಆಕ್ಷೇಪಿಸಿದರು. ಇದಕ್ಕಿಂತಲೂ ಮರ್ಮಕ್ಕೆ ತಾಗಿದ್ದು, ಫ್ಲಾರಿಡಾದ ಮ್ಯಾಥ್ಯೂ ಮಹೋನಿ ಮತ್ತು ಫಿಲಿಪ್ ಚಾನ್ ಎಂಬವರು 2003ರಲ್ಲಿ, 1999ರ ದಾಖಲೆಯನ್ನು ಪರಿಶೀಲಿಸಿ ಕಂಡುಹಿಡಿದ ಒಂದು ಚಿಕ್ಕ ಸಂಗತಿ. ಪ್ರತಿಯೊಂದು ಪ್ಯಾಕೆಟ್ಟಿನ ತಲೆಯ ಮೇಲೂ ಅದರ ಆಯುಸ್ಸನ್ನು ಸೂಚಿಸುವ ಒಂದು ಅಂಕಿಯಿರುತ್ತದೆ. ದಾರಿಯಲ್ಲಿ ಒಂದೊಂದು ರೌಟರನ್ನು ದಾಟುವಾಗಲೂ ಅದು ಒಂದೊಂದಾಗಿ ಕಡಮೆಯಾಗುತ್ತದೆ. ಆ ದಾಖಲೆಯಲ್ಲಿ ಸಹಜ ಸಂಚಾರದ ಬಹುಪಾಲಿನಲ್ಲಿ ಈ ಅಂಕಿ 127 ಅಥವಾ 254 ಆಗಿದ್ದರೆ, 126 ಮತ್ತು 253 ಎಂಬ ಅಂಕಿಗಳು ದಾಳಿಯ ಪ್ಯಾಕೆಟ್ಟುಗಳಲ್ಲಿ ಮಾತ್ರ ಕಂಡುಬಂದುವು. ಕೃತಕ ನೆಲೆಯನ್ನು ಕಟ್ಟಿದಾಗ ಕಳ್ಳನ ಯಂತ್ರವು ಒಂದು ಹೆಜ್ಜೆ ಆಚೆಗೆ ಕುಳಿತಿದ್ದುದರ ಗುರುತಲ್ಲದೆ ಅದು ಬೇರೇನೂ ಅಲ್ಲ. ಎಂದ ಮೇಲೆ, ದಾಳಿಯೆಂದರೇನೆಂದು ಎಳ್ಳಷ್ಟೂ ಅರಿಯದ ಸಾಧನವೊಂದು ಆ ಒಂದು ಅಂಕಿಯನ್ನು ಮಾತ್ರ ನೋಡಿ ಕಳ್ಳರನ್ನು ಹಿಡಿದೆನೆಂದು ಹೇಳಿಕೊಳ್ಳಬಹುದಾಗಿತ್ತು. ನಾಟಕದಲ್ಲಿ ಕಳ್ಳನ ಪಾತ್ರಧಾರಿಗಳೆಲ್ಲ ಒಂದೇ ಬಣ್ಣದ ಮುಂಡಾಸು ಸುತ್ತಿದ್ದರೆ, ಮುಂಡಾಸನ್ನು ನೋಡಿ ಕೈ ಹಿಡಿದ ಕಾವಲುಗಾರನು ನಿಜವಾದ ಊರಿನ ಕತ್ತಲೆಯಲ್ಲಿ ಏನು ಮಾಡಿಯಾನು?

ಕೋಷ್ಟಕದ ಸ್ಥಿತಿಯೂ ಹೀಗೆಯೇ. ಅಭ್ಯಾಸದ ಸಾಲುಗಳಲ್ಲಿ ಹೆಚ್ಚುಕಡಮೆ ಐದರಲ್ಲಿ ನಾಲ್ಕು ಪಾಲು ಸ್ಮರ್ಫ್, ನೆಪ್ಚೂನ್ ಎಂಬ ಎರಡೇ ಬಗೆಯ ದಾಳಿಗಳವು. 2009ರಲ್ಲಿ ಕೆನಡಾದ ನ್ಯೂಬ್ರನ್ಸ್‌ವಿಕ್ ವಿಶ್ವವಿದ್ಯಾನಿಲಯದ ತವಲ್ಲಾಯಿ ಮತ್ತು ಸಂಗಡಿಗರು ಅದರ ಅಭ್ಯಾಸಭಾಗದಲ್ಲಿ ಸುಮಾರು ಶೇಕಡ 78, ಪರೀಕ್ಷಾಭಾಗದಲ್ಲಿ ಸುಮಾರು ಶೇಕಡ 75 ಸಾಲುಗಳು ಬರಿಯ ಪುನರುಕ್ತಿಗಳೆಂದು ತೋರಿಸಿ, ಅವನ್ನು ಕಳೆದು, ಎನ್.ಎಸ್.ಎಲ್.-ಕೆ.ಡಿ.ಡಿ. ಎಂಬ ಶುದ್ಧಪ್ರತಿಯನ್ನು ಹೊರತಂದರು. ಪುನರುಕ್ತಿ ಹೋಯಿತು, ಆದರೆ ಮೂಲದಲ್ಲಿದ್ದ ಊರೇ ಕಲ್ಪಿತವೆಂಬ ಕೊರತೆ ಹೋಗುವುದೆಂತು? ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರು ಬಲ್ಲರು: ಲಿಪಿಕಾರನ ತಪ್ಪುಗಳನ್ನು ಎಷ್ಟೇ ತಿದ್ದಿದರೂ ಮಾತೃಪ್ರತಿಯಲ್ಲಿಯೇ ಇಲ್ಲದ ಪದ್ಯವನ್ನು ಸಂಪಾದಕನು ತರಲಾರನು. ಹೀಗಿದ್ದರೂ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆ ಕೋಷ್ಟಕದ ಮೇಲೆ ಪ್ರಬಂಧಗಳು ಬರುತ್ತಲೇ ಇದ್ದುವು, ಶೇಕಡ 99 ನಿಖರತೆಯ ಘೋಷಣೆಗಳು ಮೊಳಗುತ್ತಲೇ ಇದ್ದುವು. ಇದಕ್ಕೆ ಆ ಕೋಷ್ಟಕವನ್ನು ಕೊಟ್ಟವರನ್ನು ನಿಂದಿಸುವುದು ಅನ್ಯಾಯ. ಅವರು ತಮಗೆ ಸಾಧ್ಯವಾದುದನ್ನು ಕೊಟ್ಟರು. ಇನ್ನೂ ಉತ್ತಮವಾದುದು ಯಾರ ಬಳಿಯಲ್ಲಿದ್ದಿತೋ ಅವರು ಕೊಡಲಿಲ್ಲ. ಬೀದಿಯಲ್ಲಿ ಒಂದೇ ಬಾವಿ ಇದ್ದಾಗ ಅದರ ನೀರು ಸಪ್ಪೆಯೆಂದು ಅರಿತೂ ಜನ ಅಲ್ಲಿಯೇ ಸೇದುತ್ತಾರೆ.

ಕೊಡಬಯಸಿದವರಿಗೂ ಕೊಡುವುದು ಸುಲಭವಾಗಿರಲಿಲ್ಲವೆಂಬುದನ್ನು ಅರಿಯಲು ಮತ್ತೆ ಬರ್ಕ್ಲಿ ಗುಡ್ಡಕ್ಕೆ ಹೋಗಬೇಕು. ಸ್ಟಾಲನು ಪ್ರಿಂಟರುಗಳನ್ನು ಹೊತ್ತು ತಂದ ಅದೇ ಪ್ರಯೋಗಶಾಲೆಯವರು, 2004ರ ಅಕ್ಟೋಬರಿನಿಂದ 2005ರ ಜನವರಿಯವರೆಗೆ ತಮ್ಮ ಒಳಜಾಲದ ಸಂಚಾರವನ್ನು ನೂರಕ್ಕೂ ಹೆಚ್ಚು ಗಂಟೆಗಳ ಕಾಲ ಬರೆದಿಟ್ಟು, ಅದನ್ನು ಹೊರಗಿನವರಿಗೆ ಕೊಡಲು ನಿಶ್ಚಯಿಸಿದರು. ಗುರುತುಗಳನ್ನು ಮರೆಸಿ ಕೊಟ್ಟರಾಯಿತೆಂಬುದು ಮೊದಲಿಗೆ ಎಲ್ಲರಿಗೂ ತೋರುವ ಉಪಾಯ. ವಿಳಾಸಗಳನ್ನು ಮನಬಂದಂತೆ ಬದಲಿಸಿದರೆ ಜಾಲದ ಆಕಾರವೇ ಕೆಟ್ಟುಹೋಗುವುದರಿಂದ, ಒಂದೇ ಬೀದಿಯಲ್ಲಿದ್ದ ಮನೆಗಳು ಬೇರೊಂದು ಹೆಸರಿನ ಒಂದೇ ಬೀದಿಯಲ್ಲಿಯೇ ಉಳಿಯುವಂತೆ ಐಪಿ ವಿಳಾಸಗಳನ್ನು ಮಾರ್ಪಡಿಸುವ ಕ್ರಿಪ್ಟೋಪ್ಯಾನ್ ಎಂಬ ವಿಧಾನವನ್ನು ಜಾರ್ಜಿಯಾದ ವಿದ್ವಾಂಸರು ಅದಕ್ಕೆ ಕೆಲವು ವರ್ಷ ಮುಂಚೆಯೇ ರೂಪಿಸಿದ್ದರು. ಆದರೆ ರುವೊಮಿಂಗ್ ಪಾಂಗ್, ಮಾರ್ಕ್ ಆಲ್ಮನ್, ವರ್ನ್ ಪ್ಯಾಕ್ಸನ್, ಜೇಸನ್ ಲೀ ಎಂಬ ನಾಲ್ವರು ಕೆಲಸಕ್ಕೆ ಕುಳಿತಾಗ, ಪಿಶಾಚಿಯು ಅಡಗಿರುವುದು ವಿವರಗಳಲ್ಲಿ ಎಂಬುದು ಅವರಿಗೆ ಮನದಟ್ಟಾಯಿತು; 2006ರಲ್ಲಿ ಪ್ರಕಟವಾದ ಅವರ ಲೇಖನದ ಶೀರ್ಷಿಕೆಯಲ್ಲಿಯೇ ಪಿಶಾಚಿಯ ಹೆಸರಿದೆ.

ಆ ಪಿಶಾಚಿಯ ಒಂದು ರೂಪವನ್ನು ಹೇಳಿದರೆ ಸಾಕು. ಬೀಗ ಹಾಕದ ಬಾಗಿಲುಗಳನ್ನು ಹುಡುಕುವವನು ವಿಳಾಸಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ತಟ್ಟುತ್ತ ಹೋಗುತ್ತಾನೆ. ವಿಳಾಸಗಳ ಹೆಸರನ್ನು ನೀವು ಎಷ್ಟೇ ಬದಲಿಸಿದರೂ, ಅವನು ತಟ್ಟಿದ ಅನುಕ್ರಮವು ದಾಖಲೆಯಲ್ಲಿ ಉಳಿದಿದ್ದರೆ, ಅದನ್ನು ಹಿಡಿದು ಯಾವ ಹುಸಿಹೆಸರು ಯಾವ ನಿಜವಿಳಾಸದ್ದೆಂದು ಎಣಿಸಿ ಹೇಳಬಹುದು. ಆದುದರಿಂದ ಹೀಗೆ ಬಾಗಿಲು ತಟ್ಟುವವರ ಸಂಚಾರವನ್ನು ಬೇರ್ಪಡಿಸಿ ಬೇರೆಯೇ ರೀತಿಯಲ್ಲಿ ಮರೆಸಬೇಕಾಯಿತು; ಪ್ಯಾಕೆಟ್ಟುಗಳ ಒಡಲಿನಲ್ಲಿದ್ದ ವಿಷಯವನ್ನಂತೂ ತೆಗೆದೇ ಹಾಕಬೇಕಾಯಿತು. ಭದ್ರತೆಯ ಸಂಶೋಧಕನಿಗೆ ಯಾವುದು ಎಲ್ಲಕ್ಕಿಂತ ಬೇಕೋ, ಆ ಕಳ್ಳನ ಹೆಜ್ಜೆಯೇ ಮನೆಯವರ ಗುಟ್ಟನ್ನು ಬಯಲು ಮಾಡುವ ಸಾಧನವಾಗಿ ನಿಂತಿತು. ಅಷ್ಟು ಕಷ್ಟಪಟ್ಟ ಮೇಲೂ ಅವರು ಕೈಬಿಡದೆ, ಉಳಿದುದನ್ನು ಕೊಟ್ಟರು. ಮರೆಸಲು ತಾವು ಬಳಸಿದ ಉಪಕರಣವನ್ನೂ, ತಾವು ಎಡವಿದ ಕಲ್ಲುಗಳ ಪಟ್ಟಿಯನ್ನೂ ಜೊತೆಗಿಟ್ಟರು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು.

ಅದೇ 2006ರ ಆಗಸ್ಟಿನಲ್ಲಿ ಅಸಾವಧಾನದ ಫಲವೇನೆಂಬುದನ್ನೂ ಲೋಕ ಕಂಡಿತು. ಎ.ಓ.ಎಲ್. ಕಂಪನಿಯ ಸಂಶೋಧನ ವಿಭಾಗವು ಸುಮಾರು 6,50,000 ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ ಎರಡು ಕೋಟಿ ಪದಗುಚ್ಛಗಳನ್ನು, ಹೆಸರಿಗೆ ಬದಲು ಸಂಖ್ಯೆಯನ್ನಿಟ್ಟು, ವಿದ್ವಾಂಸರ ಉಪಯೋಗಕ್ಕೆಂದು ಬಹಿರಂಗಪಡಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ವೃದ್ಧೆಯೊಬ್ಬರ ಮನೆಯ ಬಾಗಿಲಿಗೇ ಹೋಗಿ ನಿಂತರು. ಆಕೆ ಹುಡುಕಿದ ಊರು, ಬಂಧುಗಳ ಅಡ್ಡಹೆಸರು, ಕಾಯಿಲೆಗಳ ವಿಚಾರ ಇವೇ ಆಕೆಯ ಗುರುತನ್ನು ಸಾರಿದ್ದುವು. ಸದುದ್ದೇಶದಿಂದ ಮಾಡಿದ ಈ ಹಂಚಿಕೆಗಾಗಿ ಕೆಲವರು ಕೆಲಸ ಕಳೆದುಕೊಂಡರು. ಕಂಪನಿಗಳ ವಕೀಲರು ಕಡತದ ಕಪಾಟುಗಳಿಗೆ ಇನ್ನೊಂದು ಬೀಗ ಜಡಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾಗಿರಲಿಲ್ಲ.

ಯಾರ ಮನೆಯೂ ಅಲ್ಲದ ಜಾಗವೊಂದಿದ್ದರೆ ಈ ತೊಡಕಿಲ್ಲವಷ್ಟೆ. ಅಂತಹ ಬಯಲೊಂದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋದಲ್ಲಿ ದೊರೆಯಿತು. 1981ರಲ್ಲಿಯೇ ಹವ್ಯಾಸಿ ರೇಡಿಯೋ ಬಳಕೆದಾರರಿಗೆಂದು ಮೀಸಲಾಗಿದ್ದ, 44 ಎಂಬ ಅಂಕಿಯಿಂದ ಆರಂಭವಾಗುವ 1,67,77,216 ಐಪಿ ವಿಳಾಸಗಳು ಬಹುಮಟ್ಟಿಗೆ ಖಾಲಿಯಾಗಿಯೇ ಉಳಿದಿದ್ದುವು. ಇಡೀ ಅಂತರ್ಜಾಲದ 256ರಲ್ಲಿ ಒಂದು ಪಾಲಾದ ಆ ಪಾಳುಭೂಮಿಯ ಮೇಲೆ ಬಂದು ಬೀಳುವುದನ್ನೆಲ್ಲ ಅಲ್ಲಿಯ ವಿಶ್ವವಿದ್ಯಾನಿಲಯದ ಕೈಡಾ ಎಂಬ ಸಂಶೋಧನಾಕೇಂದ್ರದವರು ದಾಖಲಿಸತೊಡಗಿದರು. ಅದಕ್ಕೆ ಜಾಲದ ದೂರದರ್ಶಕವೆಂದು ಹೆಸರಾಯಿತು. ಯಾರೂ ವಾಸಿಸದ ಊರಿಗೆ ಕಾಗದ ಬರಲು ಕಾರಣವಿಲ್ಲ. ಬಂದರೆ ಅದು ದಾರಿ ತಪ್ಪಿದ್ದಿರಬೇಕು, ಇಲ್ಲವೆ ಮನೆಮನೆ ತಟ್ಟುವ ಕಳ್ಳನದ್ದಿರಬೇಕು, ಇಲ್ಲವೆ ಕಳ್ಳನು ಸುಳ್ಳು ವಿಳಾಸ ಕೊಟ್ಟು ಬೇರೆಯವರನ್ನು ಪೀಡಿಸುತ್ತಿರುವಾಗ ಆ ಪೀಡಿತರು ಕೊಟ್ಟ ಉತ್ತರವಾಗಿರಬೇಕು. ಈ ಮೂರನೆಯದನ್ನು ಹಿಡಿದು ಡೇವಿಡ್ ಮೂರ್, ಜೆಫ್ರಿ ವೋಲ್ಕರ್, ಸ್ಟೆಫಾನ್ ಸ್ಯಾವೇಜ್ 2001ರಲ್ಲಿ, ಮೂರು ವಾರಗಳ ಅವಧಿಯಲ್ಲಿ 5,000ಕ್ಕೂ ಹೆಚ್ಚು ಗುರಿಗಳ ಮೇಲೆ 12,000ಕ್ಕೂ ಹೆಚ್ಚು ದಾಳಿಗಳು ನಡೆದುವೆಂದು ಎಣಿಸಿ ತೋರಿಸಿದರು. ಅದೇ ವರ್ಷದ ಜುಲೈ 19ರಂದು ಕೋಡ್ ರೆಡ್ ಎಂಬ ಹುಳು 14 ಗಂಟೆಗಳೊಳಗೆ 3,59,000ಕ್ಕೂ ಮಿಕ್ಕ ಯಂತ್ರಗಳನ್ನು ಹೊಕ್ಕಿತೆಂಬ ಲೆಕ್ಕವನ್ನು ಲೋಕ ತಿಳಿದದ್ದೂ ಇಂತಹ ದೂರದರ್ಶಕದ ಮೂಲಕವೇ. ಆ ಪಾಳುಭೂಮಿಗೂ ಬೆಲೆ ಬಂದು, 2019ರಲ್ಲಿ ಅದರ ನಾಲ್ಕನೆಯ ಒಂದು ಪಾಲನ್ನು ಅಮೆಜಾನ್ ಕಂಪನಿ ಕೊಂಡುಕೊಂಡಿತು. ದೂರದರ್ಶಕದ ಕಣ್ಣು ಅಷ್ಟು ಕಿರಿದಾಯಿತು.

ಸದ್ದಿಲ್ಲದೆ ಕೊಡುತ್ತ ಬಂದವರಲ್ಲಿ ಜಪಾನಿನ ವೈಡ್ ಯೋಜನೆಯವರನ್ನು ಇಲ್ಲಿ ಸ್ಮರಿಸಬೇಕು. ಕೆಂಜಿರೊ ಚೋ ಮತ್ತು ಅವರ ಬಳಗದವರು 2001ರಿಂದ ಮೊದಲುಗೊಂಡು ತಮ್ಮ ದೇಶವನ್ನು ಪೆಸಿಫಿಕ್ ಸಾಗರದಾಚೆಗೆ ಕೂಡಿಸುವ ತಂತಿಯ ಸಂಚಾರವನ್ನು, ದಿನವೂ ಮಧ್ಯಾಹ್ನ 2 ಗಂಟೆಯಿಂದ 15 ನಿಮಿಷಗಳ ಕಾಲ, ವಿಳಾಸ ಮರೆಸಿ ಒಡಲು ತೆಗೆದು ದಾಖಲಿಸಿ ಎಲ್ಲರಿಗೂ ಕೊಡುವ ವ್ರತವನ್ನು ಹಿಡಿದರು. ದಿನಕ್ಕೆ ಕಾಲು ಗಂಟೆ ಏನು ಮಹಾ ಎನಿಸಬಹುದು; ಆದರೆ ಒಂದೇ ಹೊತ್ತಿಗೆ ವರ್ಷಾನುವರ್ಷ ತೆಗೆದ ಆ ಅಳತೆಯಲ್ಲಿ ಅಂತರ್ಜಾಲದ ಬಾಲ್ಯವೂ ಯೌವನವೂ ಅದಕ್ಕೆ ಬಂದ ಜ್ವರಗಳೂ ಓದಸಿಗುತ್ತವೆ.

ಕಾನೂನಿನವರೂ ನೀತಿಜ್ಞರೂ ಈ ಕ್ಷೇತ್ರಕ್ಕೆ ಬಂದದ್ದು ತಡವಾಗಿ. ಅಮೆರಿಕದ ಆಂತರಿಕ ಭದ್ರತಾ ಇಲಾಖೆ ನಡೆಸಿದ ಪ್ರಿಡಿಕ್ಟ್ ಎಂಬ ಭಂಡಾರವು, ಬೇಡುವವರು ಯಾರು, ಏತಕ್ಕೆ ಎಂದು ವಿಚಾರಿಸಿ ಒಡಂಬಡಿಕೆಗೆ ಸಹಿ ಹಾಕಿಸಿಕೊಂಡು ಕಡತ ಕೊಡುವ ಕ್ರಮವನ್ನು ಹಾಕಿಕೊಟ್ಟಿತು. ಅದೇ ಇಲಾಖೆ 2012ರಲ್ಲಿ ಪ್ರಕಟಿಸಿದ ಮೆನ್ಲೋ ವರದಿಯು, ವೈದ್ಯಕೀಯ ಸಂಶೋಧನೆಗಾಗಿ 1979ರಲ್ಲಿ ಹೊರಬಂದ ಬೆಲ್ಮಾಂಟ್ ವರದಿಯ ಮೂರು ತತ್ತ್ವಗಳಿಗೆ ಕಾನೂನಿನ ಮತ್ತು ಲೋಕಹಿತದ ಗೌರವವೆಂಬ ನಾಲ್ಕನೆಯದನ್ನು ಸೇರಿಸಿತು. ಅದರ ಶಾಯಿ ಆರುವ ಮುನ್ನವೇ, 2013ರ ಮಾರ್ಚಿನಲ್ಲಿ, ಹೆಸರು ಹೇಳಿಕೊಳ್ಳದ ಒಬ್ಬ ವ್ಯಕ್ತಿ, ಪಾಸ್‌ವರ್ಡಿಲ್ಲದೆ ಅಥವಾ ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡಿನೊಡನೆಯೇ ಬಿದ್ದಿದ್ದ ಸುಮಾರು 4,20,000 ಪರರ ಯಂತ್ರಗಳನ್ನು ಕೇಳದೆಯೇ ಹೊಕ್ಕು, ಅವುಗಳ ಮೂಲಕ ಇಡೀ ಅಂತರ್ಜಾಲದ ಜನಗಣತಿ ನಡೆಸಿ, ಅದರ ಬೃಹತ್ ದತ್ತಾಂಶವನ್ನು ಲೋಕಕ್ಕೆ ಧಾರೆಯೆರೆದನು. ಅಂತಹ ಮಾರ್ಗದಿಂದ ಗಣತಿಯನ್ನು ಯಾವ ವಿಶ್ವವಿದ್ಯಾನಿಲಯವೂ ಮಾಡುವಂತಿರಲಿಲ್ಲ. ಕದ್ದ ಹೂವಿನಿಂದ ಪೂಜೆ ಸಲ್ಲುವುದೇ ಎಂಬ ಪ್ರಶ್ನೆ ವಿದ್ವಾಂಸರ ಮುಂದೆ ನಿಂತಿತು. ಕೆಲವರು ಅದನ್ನು ಬಳಸಿದರು, ಕೆಲವರು ಮುಟ್ಟಲಿಲ್ಲ. ಮುಟ್ಟದವರ ಪಕ್ಷ ನನ್ನದು. ಆ ಯಂತ್ರಗಳ ಒಡೆಯರು ಇದ್ದಾರೆ, ಅವರು ಹೂಂ ಎನ್ನಲಿಲ್ಲ. ಅದರ ಮೇಲೆ ವಾದ ಬೆಳೆಸುವುದಕ್ಕೇನೂ ಇಲ್ಲ.

ಹಂಚಿದುದರಿಂದಲೇ ತಪ್ಪು ತಿದ್ದಲ್ಪಡುತ್ತದೆ ಎಂಬುದಕ್ಕೆ ಈಚಿನ ಒಂದು ನಿದರ್ಶನವಿದೆ. ನ್ಯೂಬ್ರನ್ಸ್‌ವಿಕ್ಕಿನವರು ಹಳೆಯ ಕೋಷ್ಟಕದ ಸ್ಥಾನದಲ್ಲಿ ನಿಲ್ಲಬೇಕೆಂದು 2017ರ ಜುಲೈನಲ್ಲಿ ಐದು ದಿನಗಳ ಹೊಸ ದಾಖಲೆಯೊಂದನ್ನು ನಿರ್ಮಿಸಿ, ಪ್ಯಾಕೆಟ್ಟುಗಳ ಮೂಲಪ್ರತಿಯ ಸಹಿತ ಕೊಟ್ಟರು. ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಅದನ್ನು ಪರಿಶೀಲಿಸಿ, ಶೇಕಡ 20ಕ್ಕೂ ಹೆಚ್ಚು ಸಂಚಾರವನ್ನು ಮತ್ತೆ ಕಟ್ಟಬೇಕಾಯಿತು ಇಲ್ಲವೆ ಅದಕ್ಕೆ ಮತ್ತೆ ಹಣೆಪಟ್ಟಿ ಹಚ್ಚಬೇಕಾಯಿತೆಂದು ಹೇಳಿ, ತಿದ್ದಿದ ಪ್ರತಿಯನ್ನು ತಾವೂ ಹಂಚಿದರು. ಕೋಷ್ಟಕವನ್ನಷ್ಟೇ ಕೊಟ್ಟು ಮೂಲಪ್ರತಿಯನ್ನು ಬಚ್ಚಿಟ್ಟಿದ್ದರೆ ಈ ತಿದ್ದುಪಡಿ ಸಾಧ್ಯವೇ ಆಗುತ್ತಿರಲಿಲ್ಲ.

ಕೊನೆಗೆ ಒಂದು ಸಣ್ಣ ಪ್ರಸಂಗವನ್ನು ಹೇಳಬೇಕು. ಉತ್ತರ ಕ್ಯಾರೊಲಿನಾದಲ್ಲಿ ಯಾಜಿನ್ ಝೌ ಎಂಬ ವಿದ್ಯಾರ್ಥಿಯೂ ಅವರ ಗುರು ಶುಶಿಯಾನ್ ಜಿಯಾಂಗರೂ ಆಂಡ್ರಾಯ್ಡ್ ದೂರವಾಣಿಗಳನ್ನು ಕಾಡುವ 49 ಕುಲಗಳ 1,260 ಕುತಂತ್ರಾಂಶಗಳನ್ನು ಕೂಡಿಹಾಕಿ 2012ರಲ್ಲಿ ಪ್ರಕಟಿಸಿದರು. ಕೇಳಿದವರ ಗುರುತನ್ನು ವಿಚಾರಿಸಿ ಒಬ್ಬೊಬ್ಬರಿಗಾಗಿ ಕೊಡುತ್ತ ಹೋದ ಆ ಸಂಗ್ರಹವು ಲೋಕದ ನೂರಾರು ಸಂಸ್ಥೆಗಳನ್ನು ತಲಪಿತು. ಅದರ ಮೇಲೆ ಎಷ್ಟೋ ಮಂದಿ ತಮ್ಮ ಪದವಿಯನ್ನು ಪಡೆದರು. 2015ರ ಡಿಸೆಂಬರಿನಲ್ಲಿ ಹಂಚಿಕೆ ನಿಂತಿತು. ಅವರು ಕೊಟ್ಟ ಕಾರಣ ಎರಡೇ ಮಾತಿನದು: ಅನುಕೂಲ ಸಾಲದು, ದುಡಿಯುತ್ತಿದ್ದ ವಿದ್ಯಾರ್ಥಿಗಳು ವ್ಯಾಸಂಗ ಮುಗಿಸಿ ಹೊರಟುಹೋದರು. ವಕೀಲರೂ ಅಡ್ಡಬರಲಿಲ್ಲ, ಕಳ್ಳರೂ ಅಡ್ಡಬರಲಿಲ್ಲ. ಬಂದ ಪತ್ರಗಳಿಗೆ ಉತ್ತರ ಬರೆಯುವ ಕೈಗಳಿಲ್ಲವಾದುವು, ಅಷ್ಟೇ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪ್ರಬಂಧ ಬರೆದವರಿಗೆ ಪದವಿಯುಂಟು, ಬಡ್ತಿಯುಂಟು. ಒಂದು ದತ್ತಾಂಶವನ್ನು ನ್ಯಾಯವಾಗಿ ಕೂಡಿಸಿ, ಅದರ ಕೊರತೆಗಳನ್ನು ಬಿಚ್ಚಿ ಬರೆದು, ಹತ್ತು ವರ್ಷ ಕಾಪಾಡಿ ಕೇಳಿದವರಿಗೆ ಕೊಟ್ಟವರಿಗೆ ಏನೂ ಇಲ್ಲ. ಕರ್ನಾಟಕದ ವಿದ್ಯಾಪೀಠಗಳ ಹಿರಿಯರು ಇದನ್ನೂ ಪ್ರಬಂಧಕ್ಕೆ ಸಮಾನವಾದ ಕೆಲಸವೆಂದು ಎಣಿಸಿ, ಅದನ್ನು ನೋಡಿಕೊಳ್ಳಲು ಸಂಬಳದ ಒಂದು ಸ್ಥಾನವನ್ನಾದರೂ ಮಂಜೂರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.